ರಂಗದ ಮೇಲೆ ವೀರರಾಣಿ

ನಮ್ಮ ಐತಿಹಾಸಿಕ ನಾಟಕಗಳಲ್ಲಿ ವೀರರಾಣಿಯು ಪ್ರವೇಶಿಸಿದೊಡನೆ ಖಡ್ಗವು ಒರೆಯಿಂದ ಹೊರಬೀಳುತ್ತದೆ, ಕಣ್ಣು ಕೆಂಪಡರುತ್ತದೆ, ದೀರ್ಘಭಾಷಣವು ಸಿಂಹಗರ್ಜನೆಯಲ್ಲಿ ಮುಗಿಯುತ್ತದೆ. ಸಭಿಕರು ಕರತಾಡನ ಮಾಡುತ್ತಾರೆ. ಆದರೆ ಇದು ವೀರರಸವೇ ಎಂಬುದು ವಿಚಾರಾರ್ಹವಾದ ಮಾತು.

ಕ್ರೋಧವು ರೌದ್ರಕ್ಕೆ ಸ್ಥಾಯಿ. ವೀರಕ್ಕಾದರೋ ಉತ್ಸಾಹವು ಸ್ಥಾಯಿ. ಭರತಮುನಿಯು ವೀರದ ವಿಭಾವಗಳನ್ನು ಎಣಿಸುವಾಗ ಬಲಪರಾಕ್ರಮಗಳಿಗಿಂತ ಮೊದಲು ಅಸಂಮೋಹ, ಅಧ್ಯವಸಾಯ, ನಯ, ವಿನಯಗಳನ್ನು ಹೇಳಿದ್ದಾನೆ. ಎಂದರೆ, ಬುದ್ಧಿಯು ಕದಡದಿರುವುದೇ ವೀರಕ್ಕೆ ತಳಹದಿ. ಈ ಗುಣವನ್ನು ನಾಟಕಕಾರರು ಪುರುಷಪಾತ್ರಗಳಿಗೆ ಧಾರಾಳವಾಗಿ ಕೊಡುತ್ತಾರೆ. ಅವರಿಗೆ ಮಂತ್ರಾಲೋಚನೆಯುಂಟು, ಸಂಧಿವಿಗ್ರಹಗಳುಂಟು. ಸ್ತ್ರೀಗೆ ಬಹುಮಟ್ಟಿಗೆ ಆವೇಶವೊಂದೇ ಉಳಿಯುತ್ತದೆ.

ಇತಿಹಾಸವು ತೋರಿಸುವ ಚಿತ್ರವೇ ಬೇರೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆಯು ಉಳ್ಳಾಲದ ರಾಣಿ ಅಬ್ಬಕ್ಕದೇವಿಯನ್ನು ಕಂಡನು. ಆಕೆ ಸಿಂಹಾಸನದ ಮೇಲಿರಲಿಲ್ಲ. ಬರಿಗಾಲಿನಲ್ಲಿ, ಓಲೆಗೊಡೆಯ ನೆರಳಿನಲ್ಲಿ, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸವನ್ನು ನೋಡಲು ನಡೆದು ಹೋಗುತ್ತಿದ್ದಳು. ರೂಪದಲ್ಲಿ ರಾಣಿಯ ಲಕ್ಷಣವನ್ನು ಕಾಣದ ಆ ಪ್ರವಾಸಿಯು, ಮಾತಿನಲ್ಲಿ ಅದನ್ನು ಗುರುತಿಸಿದನು. ಈಕೆಯೇ ತಾನು ತೊರೆದ ಪತಿ ಬಂಗರಸನೊಡನೆ ಯುದ್ಧ ಹೂಡಿದವಳು. ಅವನು ಪೋರ್ಚುಗೀಸರ ನೆರವನ್ನು ಬೇಡಿದಾಗ, ಈಕೆ ತನ್ನ ಬಲದ ಮಿತಿಯನ್ನರಿತು ಇಕ್ಕೇರಿಯ ವೆಂಕಟಪ್ಪ ನಾಯಕನ ಸಖ್ಯವನ್ನು ಪಡೆದಳು. ಪೋರ್ಚುಗೀಸರಿಗೆ ಸೋಲಾಯಿತು, ಬಂಗರಸನು ನೆಲೆಗೆಟ್ಟನು. ಇಲ್ಲಿ ಗೆದ್ದುದು ತೋಳಿಗಿಂತ ಹೆಚ್ಚಾಗಿ ನಯ.

ಶಾಂತಳಾದ ನಾಯಿಕೆಯಿಂದ ರಂಗವು ಸಪ್ಪೆಯಾದೀತೆಂದು ಕೆಲವರು ಆಕ್ಷೇಪಿಸಬಹುದು. ಈ ಭಯಕ್ಕೆ ಆಧಾರವಿಲ್ಲ. ಕಾಲುವೆಯ ಅಗೆತವನ್ನು ನೋಡುತ್ತ ನಿಂತವಳ ಬಳಿಗೆ, ಶತ್ರುವಿನ ಹಡಗುಗಳು ಬಂದುವೆಂದು ಚರನು ಓಡಿಬರಲಿ. ಆಕೆ ಕ್ಷಣಕಾಲ ಸುಮ್ಮನಿದ್ದು, ಹಡಗುಗಳೆಷ್ಟು, ಭರತವೆಂದಿಗೆ ಎಂದು ಕೇಳಲಿ. ಆ ಮೌನದಲ್ಲಿ ಹತ್ತು ಗರ್ಜನೆಗಳಿಗಿಲ್ಲದ ಬಿಗುಪಿದೆ.

ಇದು ಕೇವಲ ರಂಗತಂತ್ರದ ಪ್ರಶ್ನೆಯಲ್ಲ. ಆವೇಶವು ಮೈಮೇಲೆ ಬಂದಂತೆ ಬಂದು ಇಳಿದುಹೋಗುತ್ತದೆ. ಅದನ್ನು ಪೂಜಿಸಿದವರು ಮರುದಿನ ಹೆಣ್ಣಿನ ಆಲೋಚನೆಯನ್ನು ಕೇಳಬೇಕಾಗಿಲ್ಲ. ವಿವೇಕವನ್ನು ಒಪ್ಪಿಕೊಂಡವರಾದರೋ ಮನೆಯಲ್ಲಿಯೂ ಸಭೆಯಲ್ಲಿಯೂ ಅವಳ ಮಾತಿಗೆ ಕಿವಿಗೊಡಲೇಬೇಕಾಗುತ್ತದೆ. ನಮ್ಮ ನಾಟಕಕಾರರು ರಾಣಿಯ ಕೈಗೆ ಖಡ್ಗವನ್ನು ಕೊಟ್ಟಿದ್ದಾರೆ. ಇನ್ನು ಮಂತ್ರಶಾಲೆಯ ಬಾಗಿಲನ್ನೂ ಅವಳಿಗಾಗಿ ತೆರೆಯಲಿ.