ವಿಶ್ವನಾಥರನ್ನು ಅಳೆಯಬಹುದು

ಗುಂಡಪ್ಪ ವಿಶ್ವನಾಥರ ಹೆಸರು ಬಂದರೆ ನಮ್ಮಲ್ಲಿ ಎರಡು ಮಾತು ತಪ್ಪದೆ ಹೊರಡುತ್ತವೆ. 91 ಟೆಸ್ಟ್, 6080 ರನ್, ಸರಾಸರಿ 41.93, ಗಾವಸ್ಕರರದು 51.12, ದ್ರಾವಿಡರದು 52.31, ಆದ್ದರಿಂದ ವಿಶ್ವನಾಥ್ ಒಳ್ಳೆಯ ಆಟಗಾರ, ಮೊದಲ ಸಾಲಿನವರಲ್ಲ ಎನ್ನುವುದು ಒಂದು ಮಾತು. ಅವರ ಆಟ ಕಲೆ, ಕಲೆಯನ್ನು ಅಂಕಿಯಲ್ಲಿ ತೂಗಬಾರದು ಎನ್ನುವುದು ಇನ್ನೊಂದು. ಮೊದಲ ಮಾತು ಆಡುವವರು ಲೆಕ್ಕವನ್ನು ಅರ್ಧಕ್ಕೆ ಬಿಟ್ಟವರು. ಎರಡನೆಯದನ್ನು ಆಡುವವರು ವಿಶ್ವನಾಥರಿಗೆ ಇನ್ನೂ ಹೆಚ್ಚಿನ ಅನ್ಯಾಯ ಮಾಡಿದ್ದಾರೆ. ಏಕೆಂದರೆ ಸೋತ ವಾದವನ್ನು ಗೆದ್ದವರಂತೆ ಮಂಡಿಸಿ, ಲೆಕ್ಕದ ಕಣವನ್ನೇ ಎದುರಾಳಿಗೆ ಬಿಟ್ಟುಕೊಟ್ಟವರು ಅವರು. ವಿಶ್ವನಾಥರನ್ನು ಅಳೆಯಬಹುದು, ಸರಿಯಾಗಿ ಅಳೆದರೆ ಅವರು ಈಗ ಇರುವುದಕ್ಕಿಂತ ಎತ್ತರದಲ್ಲಿ ನಿಲ್ಲುತ್ತಾರೆ.

ಸರಾಸರಿಯ ಲೆಕ್ಕ ಎಲ್ಲರಿಗೂ ಗೊತ್ತು. 155 ಇನಿಂಗ್ಸ್‌ಗಳಲ್ಲಿ ಹತ್ತು ಸಲ ಅಜೇಯರಾಗಿ ಉಳಿದರು, ಹಾಗಾಗಿ 6080ನ್ನು 145ರಿಂದ ಭಾಗಿಸಬೇಕು. ಈ ಭಾಗಾಕಾರದ ಅಡಿಯಲ್ಲಿ ಒಂದು ನಂಬಿಕೆ ಇದೆ: ಯಾವ ಪಿಚ್ಚಿನಲ್ಲಿ ಬಂದರೂ ಒಂದು ರನ್ ಒಂದೇ ರನ್, ಯಾರು ಕಿತ್ತರೂ ಒಂದು ವಿಕೆಟ್ ಒಂದೇ ವಿಕೆಟ್. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ.

1975ರ ಜನವರಿ, ಮದರಾಸಿನ ಚೆಪಾಕ್, ವೆಸ್ಟ್ ಇಂಡೀಸ್ ವಿರುದ್ಧ ನಾಲ್ಕನೆಯ ಟೆಸ್ಟ್. ಗಾಯಗೊಂಡ ಗಾವಸ್ಕರ್ ತಂಡದಲ್ಲಿರಲಿಲ್ಲ. ಆ್ಯಂಡಿ ರಾಬರ್ಟ್ಸ್ 64 ರನ್ ಕೊಟ್ಟು ಏಳು ವಿಕೆಟ್ ಕಿತ್ತರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 97, ವಿಶ್ವನಾಥರದು. ಕೊನೆಯವರಾಗಿ ಬಂದ ಚಂದ್ರಶೇಖರ್ ಔಟಾದರು, ವಿಶ್ವನಾಥ್ ಶತಕಕ್ಕೆ ಮೂರು ರನ್ನಿನ ದೂರದಲ್ಲಿ ಅಜೇಯರಾಗಿ ನಿಂತರು. ಭಾರತ ಆ ಪಂದ್ಯವನ್ನು 100 ರನ್ನುಗಳಿಂದ ಗೆದ್ದಿತು. ಈ ಕತೆ ಕ್ರಿಕೆಟ್ ಓದುವ ಕನ್ನಡಿಗರಿಗೆಲ್ಲ ಬಾಯಿಪಾಠ. ಕತೆಯನ್ನು ಇಲ್ಲಿಗೇ ಬಿಟ್ಟು ಅದರ ಲೆಕ್ಕಕ್ಕೆ ಬರುತ್ತೇನೆ.

ಏಳು ವರ್ಷಗಳ ಬಳಿಕ, 1982ರ ಜನವರಿಯಲ್ಲಿ, ಅದೇ ಚೆಪಾಕಿನಲ್ಲಿ ಇಂಗ್ಲೆಂಡ್ ವಿರುದ್ಧ ವಿಶ್ವನಾಥ್ 222 ಹೊಡೆದರು. ಅವರ ಅತ್ಯಧಿಕ ಮೊತ್ತ ಅದು. ಯಶಪಾಲ್ ಶರ್ಮ 140 ಗಳಿಸಿದರು, ಭಾರತ ನಾಲ್ಕು ವಿಕೆಟ್ಟಿಗೆ 481 ಎಂದು ಡಿಕ್ಲೇರ್ ಮಾಡಿತು, ಪಂದ್ಯ ಡ್ರಾ ಆಯಿತು. ಈಗ ಈ ಎರಡು ಇನಿಂಗ್ಸ್‌ಗಳಿಗೆ ಸರಾಸರಿ ಕೊಟ್ಟಿರುವ ಬೆಲೆ ನೋಡಿ. 222ನ್ನು ತೆಗೆದುಹಾಕಿದರೆ ವಿಶ್ವನಾಥರ ಸರಾಸರಿ 40.68ಕ್ಕೆ ಇಳಿಯುತ್ತದೆ, ಅಂದರೆ ಆ ಒಂದು ಇನಿಂಗ್ಸ್ ಅವರ ಸರಾಸರಿಗೆ 1.25 ಸೇರಿಸಿದೆ. 97ನ್ನು ತೆಗೆದುಹಾಕಿದರೆ 41.26, ಅದು ಸೇರಿಸಿದ್ದು 0.67 ಮಾತ್ರ. ವಿಶ್ವನಾಥರು ಏನು ಎಂದು ತೋರಿಸಿಕೊಟ್ಟ ಇನಿಂಗ್ಸಿಗೆ ಸರಾಸರಿಯ ಪುಸ್ತಕದಲ್ಲಿರುವುದು ಡ್ರಾ ಪಂದ್ಯವೊಂದರ ದ್ವಿಶತಕದ ಅರ್ಧ ಬೆಲೆ.

ಇದನ್ನು ತಿದ್ದಲು ಕಷ್ಟದ ಗಣಿತವೇನೂ ಬೇಡ. ಒಂದು ಪಂದ್ಯದಲ್ಲಿ ಎರಡೂ ತಂಡಗಳು ಗಳಿಸಿದ ರನ್ನುಗಳನ್ನು, ಇತರೆ ರನ್ನುಗಳ ಸಮೇತ, ಕೂಡಿಸಿ, ಬಿದ್ದ ವಿಕೆಟ್ಟುಗಳಿಂದ ಭಾಗಿಸಿದರೆ ಆ ಪಿಚ್ಚಿನಲ್ಲಿ, ಆ ದಿನಗಳಲ್ಲಿ, ಒಂದು ವಿಕೆಟ್ಟಿನ ಬೆಲೆ ಎಷ್ಟಿತ್ತೆಂದು ಸಿಗುತ್ತದೆ. 1975ರ ಪಂದ್ಯದಲ್ಲಿ ನಾಲ್ಕು ಇನಿಂಗ್ಸ್ 190, 192, 256, 154. ಒಟ್ಟು 792 ರನ್, 40 ವಿಕೆಟ್. ಒಂದು ವಿಕೆಟ್ಟಿಗೆ 19.8. 1982ರಲ್ಲಿ ಭಾರತ ನಾಲ್ಕಕ್ಕೆ 481, ಇಂಗ್ಲೆಂಡ್ 328, ಮತ್ತೆ ಭಾರತ ಮೂರಕ್ಕೆ 160. ಒಟ್ಟು 969 ರನ್, 17 ವಿಕೆಟ್. ಒಂದು ವಿಕೆಟ್ಟಿಗೆ 57. ಈಗ ಭಾಗಿಸಿ. 222 ರನ್ ಸುಮಾರು 3.9 ವಿಕೆಟ್ಟಿನ ಬೆಲೆಯದಾಯಿತು, 97 ರನ್ 4.9 ವಿಕೆಟ್ಟಿನ ಬೆಲೆಯದಾಯಿತು. ಸರಾಸರಿ ತಲೆಕೆಳಗು ಮಾಡಿದ್ದ ಕ್ರಮ ಒಂದೇ ಭಾಗಾಕಾರದಲ್ಲಿ ನೆಟ್ಟಗಾಯಿತು.

ತಂಡದ ಮೊತ್ತದಲ್ಲಿ ಆಟಗಾರನ ಪಾಲು ಎಷ್ಟೆಂದು ನೋಡಿದರೆ ಸಾಕು ಎಂದು ಕೆಲವರು ಹೇಳುವುದುಂಟು. ಸಾಲದು. 190ರಲ್ಲಿ 97 ಎಂದರೆ ನೂರಕ್ಕೆ 51. 481ರಲ್ಲಿ 222 ಎಂದರೂ ನೂರಕ್ಕೆ 46. ಪಾಲಿನ ಲೆಕ್ಕ ಈ ಎರಡನ್ನೂ ಹೆಚ್ಚುಕಡಿಮೆ ಒಂದೇ ಪಂಕ್ತಿಯಲ್ಲಿ ಕೂರಿಸಿಬಿಡುತ್ತದೆ. ಪಿಚ್ಚಿನ ಗುಣ ಒಳಗೆ ಬರಬೇಕಾದರೆ ಎದುರಾಳಿ ತಂಡದ ರನ್ನುಗಳೂ ಲೆಕ್ಕಕ್ಕೆ ಬರಬೇಕು.

ನನ್ನ ಲೆಕ್ಕಕ್ಕೂ ಒಂದು ತೊಡಕಿದೆ, ಅದನ್ನು ಇಲ್ಲೇ ಹೇಳುವುದು ನ್ಯಾಯ. 1979ರ ಜನವರಿಯಲ್ಲಿ, ಮತ್ತೆ ಚೆಪಾಕಿನಲ್ಲಿ, ಮತ್ತೆ ವೆಸ್ಟ್ ಇಂಡೀಸ್ ವಿರುದ್ಧ ವಿಶ್ವನಾಥ್ 124 ಹೊಡೆದರು. 228, 255, 151, ಏಳಕ್ಕೆ 125: ಒಂದು ವಿಕೆಟ್ಟಿನ ಬೆಲೆ 20.5. ಆ 124 ಆರು ವಿಕೆಟ್ಟಿನ ಬೆಲೆಯದು, 97ಕ್ಕಿಂತ ಮೇಲು. ಆದರೆ ಆ ಸಲ ಬಂದ ವೆಸ್ಟ್ ಇಂಡೀಸ್ ತಂಡದಲ್ಲಿ ಕೆರ್ರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಗೆ ಹೋದವರಿರಲಿಲ್ಲ. ರಾಬರ್ಟ್ಸ್ ಇಲ್ಲ, ಹೋಲ್ಡಿಂಗ್ ಇಲ್ಲ. ಹಾಗಾದರೆ ಬೌಲರನ ತೂಕವನ್ನೂ ಕೂಡಿಸಬೇಕು. ಕೂಡಿಸಬಹುದು, ಬೌಲರಿಗೂ ಸರಾಸರಿ ಇದೆ, ಅದನ್ನೂ ಇದೇ ರೀತಿ ತಿದ್ದಿಕೊಳ್ಳಬಹುದು. ಲೆಕ್ಕ ತೊಡಕಾದಾಗ ಇನ್ನೊಂದು ಹೆಜ್ಜೆ ಮುಂದಿಡಬೇಕು. ನಮ್ಮ ರಸಿಕ ವಿಮರ್ಶಕರು ಅಲ್ಲೇ ಕೈಬಿಟ್ಟು ಸ್ಕ್ವೇರ್ ಕಟ್ಟಿನ ವರ್ಣನೆಗೆ ಇಳಿದುಬಿಡುತ್ತಾರೆ.

ಈ ರಸಿಕರ ಜೊತೆಗಿನ ಜಗಳ ನನಗೆ ಹಳೆಯದು. ನೆವಿಲ್ ಕಾರ್ಡಸ್ ಸ್ಕೋರ್‌ಬೋರ್ಡನ್ನು ತಿರಸ್ಕರಿಸಿ ಬರೆದ ಕಾಲದಿಂದ ಕ್ರಿಕೆಟ್ ಬರವಣಿಗೆಯಲ್ಲಿ ಒಂದು ಪಂಥವೇ ಇದೆ. ಕನ್ನಡದಲ್ಲಿ ಅದು ವಿಶ್ವನಾಥರ ಸುತ್ತ ಬೆಳೆಯಿತು: ಮಣಿಕಟ್ಟು, ಲೇಟ್ ಕಟ್, ಭದ್ರಾವತಿಯಿಂದ ಬಂದ ಕುಳ್ಳ ಹುಡುಗ, ಕ್ರೀಡಾಮನೋಭಾವ. ಇವೆಲ್ಲ ನಿಜ. ಆದರೆ ರಾಬರ್ಟ್ಸ್ ಚೆಂಡು ಎದೆಯ ಮಟ್ಟಕ್ಕೆ ಏರುತ್ತಿದ್ದಾಗ ಆ ಕಟ್ ಚೆಂದಕ್ಕಾಗಿ ಹುಟ್ಟಿದ್ದಲ್ಲ. ಗಿಡ್ಡ ಆಳು ಹಿಂಗಾಲಿನ ಮೇಲೆ ನಿಂತು, ಏರುವ ಚೆಂಡಿನ ಮೇಲೆ ಬ್ಯಾಟು ತಂದು, ಬೇರೆಯವರು ಔಟಾಗುತ್ತಿದ್ದ ಎಸೆತಕ್ಕೆ ನಾಲ್ಕು ರನ್ ತೆಗೆಯುತ್ತಿದ್ದ ಉಪಾಯ ಅದು. ಚೆಂದದ ಹೊಡೆತ ಎಂದು ಕರೆದು ಬಿಟ್ಟರೆ ಆ ಉಪಾಯದ ಫಲ ಕಣ್ಣಿಗೆ ಬೀಳುವುದಿಲ್ಲ. ಫಲ ಸ್ಕೋರ್‌ಬುಕ್ಕಿನಲ್ಲಿದೆ, ಅದನ್ನು ಓದಲು ಅವರು ಒಪ್ಪುವುದಿಲ್ಲ.

ಹಾಗೆಂದು ಅಂಕಿಯನ್ನು ಅವರು ಪೂರ್ತಿ ದೂರವಿಟ್ಟವರೂ ಅಲ್ಲ. ವಿಶ್ವನಾಥರು ಶತಕ ಹೊಡೆದ ಟೆಸ್ಟನ್ನು ಭಾರತ ಸೋತದ್ದೇ ಇಲ್ಲ ಎಂಬ ಅಂಕಿಯನ್ನು ಮಾತ್ರ ತಪ್ಪದೆ ಹೇಳುತ್ತಾರೆ. ಹದಿನಾಲ್ಕು ಶತಕಗಳು, ಅವುಗಳಲ್ಲಿ ಗೆಲುವು ನಾಲ್ಕು, ಡ್ರಾ ಹತ್ತು. ಕೋಲ್ಕತ್ತದ 139, ಪೋರ್ಟ್ ಆಫ್ ಸ್ಪೇನಿನ 112, ಚೆಪಾಕಿನ 124, ಮೆಲ್ಬರ್ನಿನ 114 ಗೆಲುವಿಗೆ ಹೆಗಲು ಕೊಟ್ಟವು. ಉಳಿದ ಹತ್ತರಲ್ಲಿ 222ರಂಥವೂ ಸೇರಿವೆ. ಬೇಕಾದ ಅಂಕಿಯೊಂದನ್ನು ಇಟ್ಟುಕೊಂಡು ಬೇಡವಾದದ್ದನ್ನು ಕಲೆಯ ಹೆಸರಿನಲ್ಲಿ ತಳ್ಳಿಹಾಕುವುದು ವಿಮರ್ಶೆ ಆಗಲಾರದು. ಆ ಅಂಕಿಯಲ್ಲಿ 97ಕ್ಕೆ ಜಾಗವೂ ಇಲ್ಲ, ಅದು ಶತಕ ಅಲ್ಲವಲ್ಲ!

2001ರಲ್ಲಿ ವಿಸ್ಡನ್ ನೂರು ಶ್ರೇಷ್ಠ ಟೆಸ್ಟ್ ಇನಿಂಗ್ಸ್‌ಗಳ ಪಟ್ಟಿ ತಂದಿತು. ಪಿಚ್, ಎದುರಾಳಿಯ ಬೌಲಿಂಗ್, ಪಂದ್ಯದ ಸ್ಥಿತಿ ಇತ್ಯಾದಿಗಳಿಗೆ ತೂಕ ಕೊಟ್ಟು ಮಾಡಿದ ಲೆಕ್ಕ ಅದು. ಬ್ರಾಡ್‌ಮನ್ನರ 270 ಮೊದಲನೆಯದು. ತೆಂಡೂಲ್ಕರರ ಒಂದು ಇನಿಂಗ್ಸೂ ಇಲ್ಲವೆಂದು ದೇಶವಿಡೀ ಗದ್ದಲವಾಯಿತು, ಲೆಕ್ಕ ಹಾಕಿದವರಿಗೆ ಆಟ ಗೊತ್ತಿಲ್ಲವೆಂದು ನಮ್ಮ ರಸಿಕರೂ ದನಿಗೂಡಿಸಿದರು. ಅದೇ ಪಟ್ಟಿಯಲ್ಲಿ ವಿಶ್ವನಾಥರ 97 ಮೂವತ್ತೆಂಟನೆಯ ಸ್ಥಾನದಲ್ಲಿತ್ತು. ಕಾಲು ಶತಮಾನದ ಹಾಡಿಹೊಗಳಿಕೆಯಿಂದ ಆಗದಿದ್ದುದು, ಅಂದರೆ ಆ ಇನಿಂಗ್ಸನ್ನು ಲೋಕದ ದ್ವಿಶತಕಗಳ ಎದುರಿಗೆ ಸಮಸಮ ನಿಲ್ಲಿಸುವುದು, ಒಂದು ಲೆಕ್ಕದಿಂದ ಆಯಿತು.

ಮೈದಾನವನ್ನು ಬಿಟ್ಟು ರನ್ನಿಗೆ ಬೆಲೆಯಿಲ್ಲ ಎಂಬುದು ನಮ್ಮ ಹಳ್ಳಿಗಳಲ್ಲಿ ಸ್ಕೋರ್ ಬರೆಯುವ ಹುಡುಗನಿಗೂ ಗೊತ್ತು. ಕಕ್ಕಿಂಜೆ, ಚಾರ್ಮಾಡಿ ಕಡೆ ಏಣೆಲು ಬೆಳೆ ಕೊಯ್ದ ಗದ್ದೆಯಲ್ಲಿ ಅಂಡರ್ ಆರ್ಮ್ ಪಂದ್ಯಾಟ ನಡೆಯುವಾಗ ಒಂದು ಬದಿಗೆ ಅಡಿಕೆ ತೋಟ ಒತ್ತಿಕೊಂಡಿದ್ದರೆ, ತೋಟಕ್ಕೆ ನೇರ ಬಿದ್ದ ಚೆಂಡಿಗೆ ಔಟ್ ಎಂದು ಟಾಸಿಗೆ ಮೊದಲೇ ಮಾತಾಗಿರುತ್ತದೆ. ಆ ಬದಿಯ ಆಸೆ ಬಿಟ್ಟು, ಹುಣಿಯಾಚೆ ಉದ್ದಕ್ಕೆ ಬಿದ್ದಿರುವ ಗದ್ದೆಯ ಕಡೆಗೇ ಹೊಡೆದು ಇಪ್ಪತ್ತು ರನ್ ತೆಗೆದವನೂ, ಸುತ್ತ ಬಯಲಿರುವ ಶಾಲೆಯ ಮೈದಾನದಲ್ಲಿ ಇಪ್ಪತ್ತು ತೆಗೆದವನೂ ಒಂದೇ ಅಲ್ಲವೆಂದು ಮೈಕು ಹಿಡಿದು ವೀಕ್ಷಕ ವಿವರಣೆ ಕೊಡುವವನೂ ಹೇಳುತ್ತಾನೆ. ಬಹುಮಾನದ ಹೊತ್ತಿಗೆ ಮಾತ್ರ ಉತ್ತಮ ದಾಂಡಿಗ ಯಾರೆಂದು ಒಟ್ಟು ರನ್ ಕೂಡಿಸಿ ತೀರ್ಮಾನವಾಗುತ್ತದೆ.

ಅಮೆರಿಕದವರ ಬೇಸ್‌ಬಾಲ್ ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದೆ. ಅವರ ಬ್ಯಾಟಿಂಗ್ ಸರಾಸರಿಗೆ ದಾರಿ ಹಾಕಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಕ್ರಿಕೆಟ್ ಬಲ್ಲವರು. ಆ ಸರಾಸರಿಯಲ್ಲಿ ಒಂದು ಕುರುಡು ಉಳಿದಿತ್ತು: ಕೆಟ್ಟ ಎಸೆತಗಳನ್ನು ಬಿಟ್ಟು ಪುಕ್ಕಟೆಯಾಗಿ ಮೊದಲ ಬೇಸ್ ಸೇರುವ ತಾಳ್ಮೆ ಲೆಕ್ಕಕ್ಕೇ ಬರುತ್ತಿರಲಿಲ್ಲ. 1970ರ ದಶಕದಿಂದ ಬಿಲ್ ಜೇಮ್ಸ್‌ರಂಥವರು ಅದನ್ನು ಕೆದಕಿ ಕೆದಕಿ ತಿದ್ದಿದರು. ಇಂದು ಅಲ್ಲಿ ಓಪಿಎಸ್ ಪ್ಲಸ್ ಎಂಬ ಅಳತೆ ಇದೆ. ಆ ವರ್ಷದ ಲೀಗಿನ ಸರಾಸರಿ ಆಟಗಾರನಿಗೆ 100 ಎಂದಿಟ್ಟು, ಆಡಿದ ಮೈದಾನದ ಗುಣವನ್ನೂ ಕಳೆದು ಕೂಡಿಸಿ ಹೇಳುತ್ತಾರೆ. ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಮೇಲಿರುವ ಡೆನ್ವರಿನಲ್ಲಿ ಗಾಳಿ ತೆಳುವಾಗಿ ಚೆಂಡು ದೂರ ಹಾರುತ್ತದೆ, ಆದ್ದರಿಂದ ಅಲ್ಲಿಯ ಹೊಡೆತಕ್ಕೆ ಬೆಲೆ ಇಳಿಸುತ್ತಾರೆ. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇಂದಿಗೂ ರನ್, ಸರಾಸರಿ, ಶತಕ.

ದ್ರಾವಿಡರಿಗೆ ಈ ಸರಾಸರಿಯಿಂದ ನಷ್ಟವಾಗಿಲ್ಲ, ಆದರೂ ಒಂದು ಉದಾಹರಣೆ ಹೇಳಬೇಕು. 2006ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಭಾರತ 200 ಮತ್ತು 171, ವೆಸ್ಟ್ ಇಂಡೀಸ್ 103 ಮತ್ತು 219. ಒಂದು ವಿಕೆಟ್ಟಿನ ಬೆಲೆ 17.3. ದ್ರಾವಿಡ್ ಹೊಡೆದದ್ದು 81 ಮತ್ತು 68. ಎರಡೂ ಸೇರಿ ಎಂಟೂವರೆ ವಿಕೆಟ್ಟಿನ ಬೆಲೆ! ಶತಕಗಳ ಪಟ್ಟಿಯಲ್ಲಿ ಅದನ್ನು ಹುಡುಕಬೇಡಿ.

ಈಗ ಸರಾಸರಿಯ ಪಟ್ಟವನ್ನು ಸ್ಟ್ರೈಕ್‌ರೇಟ್ ಕಿತ್ತುಕೊಳ್ಳುತ್ತಿದೆ, ಅದರ ಪೆಟ್ಟು ಹೆಚ್ಚಾಗಿ ಬಿದ್ದಿರುವುದು ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲರ ಮೇಲೆ. 2020ರ ಐಪಿಎಲ್‌ನಲ್ಲಿ 670 ರನ್ ಹೊಡೆದು ಆರೆಂಜ್ ಕ್ಯಾಪ್ ಗೆದ್ದರೂ 129ರ ಸ್ಟ್ರೈಕ್‌ರೇಟಿಗಾಗಿ ಬೈಸಿಕೊಂಡರು. ಸ್ಟ್ರೈಕ್‌ರೇಟಿಗೆ ಅತಿಯಾದ ಬೆಲೆ ಕೊಡುತ್ತಿದ್ದಾರೆಂದು ಅವರೂ ಆಗ ಹೇಳಿದ್ದರು. ಸ್ಟ್ರೈಕ್‌ರೇಟಿನ ದೋಷವೂ ಸರಾಸರಿಯದೇ. ಆ ದಿನದ ಪಂದ್ಯದಲ್ಲಿ ಉಳಿದವರು ಎಷ್ಟು ವೇಗವಾಗಿ ಆಡಿದರೆಂದು ಅದಕ್ಕೆ ಗೊತ್ತಿಲ್ಲ.

ಕರಾವಳಿಯಲ್ಲಿ ರಾಹುಲರನ್ನು ಟೀಕಿಸಿದರೆ ಮನೆಯವರನ್ನು ಬೈದಂತೆ ಕೋಪ ಬರುತ್ತದೆ. ನನಗೂ ಅವರ ಬಗ್ಗೆ ಪ್ರೀತಿ ಇದೆ, ಲೆಕ್ಕವನ್ನು ಅವರಿಗೂ ಅಷ್ಟೇ ನಿಷ್ಠುರವಾಗಿ ಹಿಡಿಯುತ್ತೇನೆ. 2023ರ ಅಕ್ಟೋಬರ್ 8, ವಿಶ್ವಕಪ್, ಚೆಪಾಕ್. ಆಸ್ಟ್ರೇಲಿಯಾ 199. ಭಾರತ ಎರಡು ರನ್ನಿಗೆ ಮೂರು ವಿಕೆಟ್ ಕಳೆದುಕೊಂಡಾಗ ರಾಹುಲ್ ಬಂದರು, 115 ಎಸೆತಗಳಲ್ಲಿ 97 ಹೊಡೆದು ಅಜೇಯರಾಗಿ ಗೆಲ್ಲಿಸಿದರು. ಸ್ಟ್ರೈಕ್‌ರೇಟ್ 84, ಐಪಿಎಲ್ ಕಣ್ಣಿಗೆ ಆಮೆನಡಿಗೆ. ಆದರೆ ಆ ಪಿಚ್ಚಿನಲ್ಲಿ ಆಸ್ಟ್ರೇಲಿಯಾ ನೂರು ಎಸೆತಗಳಿಗೆ ಗಳಿಸಿದ್ದು 67, ಜೊತೆಗಿದ್ದ ಕೊಹ್ಲಿ 73. ಎರಡಕ್ಕೆ ಮೂರು ಎಂಬ ಸ್ಥಿತಿಯಲ್ಲಿ ಬಂದವರು ಪಂದ್ಯದ ಒಟ್ಟಾರೆ ವೇಗವನ್ನು ಮೀರಿ ಆಡಿದ್ದರು. ಅದು ಅವರ ಜೀವಮಾನದ ದೊಡ್ಡ ಇನಿಂಗ್ಸ್‌ಗಳಲ್ಲಿ ಒಂದು ಎಂದು ನಾನು ಹಿಂಜರಿಯದೆ ಹೇಳುತ್ತೇನೆ.

ನವೆಂಬರ್ 19, ಅಹಮದಾಬಾದ್, ಫೈನಲ್. 107 ಎಸೆತಗಳಲ್ಲಿ 66, ಒಂದೇ ಒಂದು ಬೌಂಡರಿ. ನೂರಕ್ಕೆ 62. ಭಾರತದ ಒಟ್ಟು ವೇಗ 80, ಗೆದ್ದ ಆಸ್ಟ್ರೇಲಿಯಾದ್ದು 93. ಮಧ್ಯಾಹ್ನ ಪಿಚ್ ನಿಧಾನವಾಗಿತ್ತು, ರಾತ್ರಿ ಸುಲಭವಾಯಿತು ಎಂಬ ಸಮರ್ಥನೆಯನ್ನು ಒಪ್ಪಿ ಆಸ್ಟ್ರೇಲಿಯಾದ ಅಂಕಿಯನ್ನು ಬದಿಗಿಡೋಣ. ಕೊಹ್ಲಿ ಜೊತೆಗಿನ 67 ರನ್ ಜೊತೆಯಾಟಕ್ಕೆ 109 ಎಸೆತ ಹಿಡಿದದ್ದರಲ್ಲಿ ಇಬ್ಬರದೂ ಪಾಲಿತ್ತೆಂದೂ ಒಪ್ಪೋಣ. ಆದರೂ ಕೊಹ್ಲಿ ಹೋದ ಮೇಲೆ ರಾಹುಲ್ ಇನ್ನೂ ಹದಿಮೂರು ಓವರ್ ಕ್ರೀಸಿನಲ್ಲಿದ್ದರು, ವೇಗ ಬದಲಾಗಲಿಲ್ಲ. ಚೆಪಾಕಿನಲ್ಲಿ ಅವರನ್ನು ಎತ್ತಿಹಿಡಿದ ಲೆಕ್ಕ ಇಲ್ಲಿ ಅವರ ಕೈ ಹಿಡಿಯುವುದಿಲ್ಲ. ಅದೇ ಮಧ್ಯಾಹ್ನ, ಅದೇ ಪಿಚ್ಚಿನಲ್ಲಿ, ಕೊಹ್ಲಿ 63 ಎಸೆತಗಳಿಗೆ 54 ಗಳಿಸಿದ್ದರು.