ಮರಕುಟಿಗನ ಮಗ್ಗಿ

ಚೆಸ್‌ನಲ್ಲಿ ಮುಂದೆ ಬರಬೇಕಾ? ಪಜಲ್ ಬಿಡಿಸು. ಯಾರನ್ನು ಕೇಳಿದರೂ ಸಿಗೋ ಮೊದಲ ಉತ್ತರ ಇದೇ. ಈ ಉತ್ತರವನ್ನು ವ್ರತದ ಮಟ್ಟಕ್ಕೆ ಏರಿಸಿದ ಪುಸ್ತಕ ‘ದಿ ವುಡ್‌ಪೆಕರ್ ಮೆಥಡ್’ (2018). ಬರೆದವರು ಸ್ವೀಡನ್ನಿನ ಗ್ರ್ಯಾಂಡ್‌ಮಾಸ್ಟರ್‌ಗಳಾದ ಆಕ್ಸೆಲ್ ಸ್ಮಿತ್ ಮತ್ತು ಹಾನ್ಸ್ ಟಿಕ್ಕಾನೆನ್. ವಿಶ್ವ ಚಾಂಪಿಯನ್ನರ ಆಟಗಳಿಂದ ಆಯ್ದ 1128 ಪಜಲ್‌ಗಳಿವೆ: ಸುಲಭದವು 222, ಮಧ್ಯಮ 762, ಕಷ್ಟದವು 144. ಒಂದಷ್ಟನ್ನು ಕೆಲವು ವಾರಗಳಲ್ಲಿ ಬಿಡಿಸಬೇಕು. ಅವನ್ನೇ ಮತ್ತೆ ಅರ್ಧ ಸಮಯದಲ್ಲಿ, ಆಮೇಲೆ ಅದರರ್ಧದಲ್ಲಿ, ಕೊನೆಗೆ ಒಂದೇ ದಿನದಲ್ಲಿ. ಮರಕುಟಿಗ ಒಂದೇ ಜಾಗವನ್ನು ಕುಕ್ಕಿದ ಹಾಗೆ.

ಇದು ತೀರಾ ಹೊಸದೇನಲ್ಲ. ಅಮೆರಿಕದ ಮೈಕೆಲ್ ಡಿ ಲಾ ಮಾಜಾ ತಮ್ಮ 2002ರ ಪುಸ್ತಕದಲ್ಲಿ ಹೇಳಿದ್ದೂ ಇದನ್ನೇ: ಸಾವಿರದಷ್ಟು ಪಜಲ್, ಏಳು ಸುತ್ತು, ಮೊದಲ ಸುತ್ತಿಗೆ 64 ದಿನ, ಕೊನೆಯದಕ್ಕೆ ಒಂದು ದಿನ.

ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಈ ಪದ್ಧತಿಯ ಮೇಲೆ ಮೊದಲಿಂದಲೂ ಒಲವು. ಇದು ನಮ್ಮ ಮಗ್ಗಿ ಅಲ್ವಾ! ಕೋಚ್ ಬೇಡ, ಕ್ಲಬ್ ಬೇಡ, ಹಠ ಇದ್ದರೆ ಸಾಕು. ಏಳನೇ ವಯಸ್ಸಿಗೇ ತರಬೇತಿ ಸಿಕ್ಕ ಪೇಟೆ ಮಕ್ಕಳಿಗೂ ಮೂವತ್ತು ದಾಟಿ ಕಲಿಯುವವರಿಗೂ ಇರುವ ಅಂತರವನ್ನು ದುಡಿದೇ ತುಂಬಬಹುದು ಅನ್ನೋ ಭರವಸೆ ಇದರಲ್ಲಿದೆ. ಆ ಭರವಸೆ ಪೂರ್ತಿ ಸುಳ್ಳಲ್ಲ. ಕುದುರೆಯ ಕವಲು ದಾಳಿಯನ್ನು ನೂರು ಸಲ ಕಂಡವನಿಗೆ ನೂರಾ ಒಂದನೆಯದು ಹುಡುಕದೆಯೇ ಕಾಣುತ್ತೆ. ಪುಸ್ತಕದ ಪಜಲ್‌ಗಳನ್ನು ತಂತ್ರದ ಹೆಸರಿನಡಿ ಜೋಡಿಸದೆ ಚಾಂಪಿಯನ್ನರ ಹೆಸರಿನಡಿ ಜೋಡಿಸಿರುವುದೂ ಜಾಣತನ. ಯಾವ ತಂತ್ರ ಅಂತ ಮೊದಲೇ ಗೊತ್ತಾಗಲ್ಲ.

ನನ್ನ ತಕರಾರು ಬೇರೆ. ಉಸಿರುಗಟ್ಟಿಸುವ ಮೇಟ್ ನೆನಪಿಸಿಕೊಳ್ಳಿ. ಕಪ್ಪು ರಾಜ ಎಚ್8ರಲ್ಲಿ, ನಮ್ಮ ಕುದುರೆ ಎಚ್6ರಲ್ಲಿ. ಮಂತ್ರಿಯನ್ನು ಜಿ8ಕ್ಕೆ ಬಲಿ ಕೊಟ್ಟು, ಆನೆ ಅದನ್ನು ಹೊಡೆದ ಮೇಲೆ ಕುದುರೆಯನ್ನು ಎಫ್7ಕ್ಕೆ ಹಾರಿಸಿದರೆ ಮೇಟ್. ಎಷ್ಟು ಸಲ ನೋಡಿದರೂ ಖುಷಿ. ಆದರೆ ಎದುರಾಳಿಯ ಮಂತ್ರಿ ದೂರದಿಂದ ಎಫ್7 ಕಾಯ್ತಾ ಇದ್ದರೆ? ನಮ್ಮ ಮಂತ್ರಿಯೂ ಹೋಯ್ತು, ಕುದುರೆಯೂ ಹೋಯ್ತು. ಈ ಎರಡನೇ ಸ್ಥಿತಿ ಪಜಲ್ ಪುಸ್ತಕಗಳಲ್ಲಿ ಸಿಗೋದು ಅಪರೂಪ. ಯಾಕಂದ್ರೆ ಫಲಿಸದ ತಂತ್ರ ಪಜಲ್ ಆಗಲ್ಲ. ಫಲಿಸಿದವುಗಳನ್ನೇ ಸಾವಿರ ಸಲ ನೋಡಿದ ಕಣ್ಣಿಗೆ ಬಲಿ ಕೊಡುವ ಚಪಲ ಹತ್ತುತ್ತೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಈ ವ್ಯತ್ಯಾಸ ಇದೆ. ‘ಈ ಫೈಲಿನಲ್ಲಿ ಬಗ್ ಇದೆ, ಹುಡುಕು’ ಅಂದರೆ ಅದು ಪಜಲ್. ರಿವ್ಯೂಗೆ ಬಂದ ಕೋಡ್ ಆಟ. ಬಗ್ ಇದೆಯೋ ಇಲ್ಲವೋ ಯಾರೂ ಹೇಳಲ್ಲ. ‘ಇಲ್ಲಿ ಏನೋ ಇದೆ’ ಅನ್ನೋ ಮಾಹಿತಿಯೇ ಅರ್ಧ ಉತ್ತರ, ಅದನ್ನು ಪುಸ್ತಕ ಪ್ರತಿ ಪುಟದಲ್ಲೂ ಪುಕ್ಕಟೆ ಕೊಡುತ್ತೆ. ಹದಿನೇಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸುವ ಹುಡುಗ ಲೆಕ್ಕದಲ್ಲಿ ಗುಣಿಸಬೇಕಾ, ಭಾಗಿಸಬೇಕಾ ಅಂತ ತಿಣುಕುವುದನ್ನು ನೋಡಿದ್ದೀವಲ್ಲ.

ಟಿಕ್ಕಾನೆನ್ 2010ರಲ್ಲಿ ಏಳು ವಾರಗಳೊಳಗೆ ಮೂರು ಜಿಎಂ ನಾರ್ಮ್ ಗಳಿಸಿದ್ದು ಈ ಪದ್ಧತಿಯ ದೊಡ್ಡ ಸಾಕ್ಷಿ. ಆದರೆ ‘ಇಲ್ಲಿ ಏನೂ ಇಲ್ಲ, ಸುಮ್ಮನೆ ಆನೆಯನ್ನು ತೆರೆದ ಸಾಲಿಗೆ ತರು’ ಅನ್ನೋ ವಿವೇಕ ಅವರಿಗೆ ಅಷ್ಟೊತ್ತಿಗಾಗಲೇ ಇತ್ತು. ನಮ್ಮಂಥ ಹವ್ಯಾಸಿಗಳಿಗೆ ಕೊರತೆ ಇರೋದೇ ಅದು.

ಹಾಗಂತ ಪುಸ್ತಕ ಬೇಡ ಅನ್ನಲ್ಲ. ಸುಲಭದ 222 ಪಜಲ್‌ಗಳಿಗೇ ಬೆಲೆ ಕೊಡಬಹುದು. ಆದರೆ ದಿನಕ್ಕೆ ಒಂದು ಗಂಟೆ ಸಿಗೋರು ಅರ್ಧವನ್ನು ಕುಕ್ಕುವುದಕ್ಕಿಡಿ, ಇನ್ನರ್ಧದಲ್ಲಿ ನಿಧಾನವಾಗಿ ಆಡಿದ ಸ್ವಂತ ಆಟವನ್ನು ಬಿಚ್ಚಿ ನೋಡಿ. ಎಲ್ಲಿ ಕುಕ್ಕಬೇಕು ಅನ್ನೋದನ್ನು ಕಲಿಸುವುದು ಆ ಆಟವೇ.