‘ಮತದಾನ’ ಎಂಬ ಪದದ ವಿಚಾರ

ಕನ್ನಡದಲ್ಲಿ ಜೊತೆಜೊತೆಯಾಗಿ ಬಳಕೆಯಲ್ಲಿರುವ ಎರಡು ಪದಗಳು ಒಂದಕ್ಕೊಂದು ಹೊಂದುವುದಿಲ್ಲ. ‘ಮತದಾರ’ ಎಂಬಲ್ಲಿಯ ‘ದಾರ’ವು ಪಾಲುದಾರ, ಹಕ್ಕುದಾರಗಳಲ್ಲಿರುವ ಪಾರಸೀ ಪ್ರತ್ಯಯ, ಉಳ್ಳವನೆಂದು ಅದರ ಅರ್ಥ. ‘ಮತದಾನ’ದಲ್ಲಿಯ ದಾನವಾದರೋ ಸ್ವತ್ವವನ್ನು ಬಿಟ್ಟುಕೊಡುವುದು, ಕೊಟ್ಟಮೇಲೆ ದಾನಿಗೆ ಹಕ್ಕಿಲ್ಲ. ಚುನಾವಣೆಯ ಭಾಷಣಗಳಲ್ಲಿ ಅವನು ‘ಮತದಾರಪ್ರಭು’ವೂ ಆಗುವನು. ಇವುಗಳಲ್ಲಿ ಯಾವುದು ಯಥಾರ್ಥವೆಂಬುದು ವಿಚಾರಾರ್ಹವಾಗಿದೆ.

ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲಕ್ಕೆ, 1881ರಲ್ಲಿ, 144 ಮಂದಿ ಸದಸ್ಯರಿಂದ ಮೊದಲು ಸೇರಿದ ಪ್ರಜಾಪ್ರತಿನಿಧಿ ಸಭೆಯು ಬಿನ್ನಹಗಳನ್ನು ಮಂಡಿಸಬಹುದಾಗಿದ್ದಿತು. ದಿವಾನರನ್ನು ಇಳಿಸುವ ಶಕ್ತಿ ಅದಕ್ಕಿರಲಿಲ್ಲ. ಆಳುವವರನ್ನು ಇಳಿಸುವ ಶಕ್ತಿಯು ಸಾಮಾನ್ಯ ರೈತನ ಕೈಗೆ ಬಂದದ್ದು 1951–52ರ ಮಹಾಚುನಾವಣೆಯಲ್ಲಿ.

ಆ ಶಕ್ತಿಯ ಅಳತೆಯನ್ನು ಹಾಸನ ಸೀಮೆಯ ಚರಿತ್ರೆಯು ಚೆನ್ನಾಗಿ ತೋರಿಸುತ್ತದೆ. ಹರದನಹಳ್ಳಿಯಲ್ಲಿ ಹುಟ್ಟಿದ ಶ್ರೀ ಎಚ್. ಡಿ. ದೇವೇಗೌಡರನ್ನು ಹೊಳೆನರಸೀಪುರದ ಜನರು 1962ರಲ್ಲಿ, ಪಕ್ಷದ ಆಸರೆಯಿಲ್ಲದೆ ಸ್ವತಂತ್ರವಾಗಿ ನಿಂತಾಗಲೂ, ಶಾಸನಸಭೆಗೆ ಆರಿಸಿದರು. 1989ರಲ್ಲಿ ಅವರನ್ನು ಸೋಲಿಸಿ ಶ್ರೀ ಜಿ. ಪುಟ್ಟಸ್ವಾಮಿಗೌಡರನ್ನು ಗೆಲ್ಲಿಸಿದರು. 1996ರ ಜೂನ್ ತಿಂಗಳಲ್ಲಿ ದೇವೇಗೌಡರು ಪ್ರಧಾನಮಂತ್ರಿಗಳಾದಾಗ ಪಾರ್ಲಿಮೆಂಟಿನ ಯಾವ ಸಭೆಯ ಸದಸ್ಯರೂ ಆಗಿರಲಿಲ್ಲ. ಅವರನ್ನು ಏರಿಸಿದುದು ಪಕ್ಷಗಳ ಒಪ್ಪಂದ. 1997ರ ಏಪ್ರಿಲಿನಲ್ಲಿ ಇಳಿಸಿದುದು ಕಾಂಗ್ರೆಸ್ಸು ಹಿಂತೆಗೆದುಕೊಂಡ ಬೆಂಬಲ. ಎರಡಕ್ಕೂ ಮತದಾರನ ಅಪ್ಪಣೆಯನ್ನು ಕೇಳಿದವರಿಲ್ಲ. ಆದರೆ 1999ರಲ್ಲಿ ಹಾಸನದ ಮತದಾರರು, ಪ್ರಧಾನಿಯಾಗಿದ್ದವರೆಂಬ ದಾಕ್ಷಿಣ್ಯಕ್ಕೆ ಒಳಗಾಗದೆ, ಪುಟ್ಟಸ್ವಾಮಿಗೌಡರನ್ನು ಲೋಕಸಭೆಗೆ ಕಳುಹಿಸಿದರು; 2004ರಲ್ಲಿ ದೇವೇಗೌಡರನ್ನೇ ಮರಳಿ ಆರಿಸಿದರು.

ಕೊಟ್ಟುದನ್ನು ಹಿಂದಕ್ಕೆ ಪಡೆಯುವ ದಾನವುಂಟೆ? ಆದುದರಿಂದ ದಾನವೆಂಬ ಮಾತು ಸಲ್ಲದು. ಪ್ರಭುವೆಂಬುದೂ ಸಲ್ಲದು. 2024ರಲ್ಲಿ ಅದೇ ಕ್ಷೇತ್ರದಲ್ಲಿ ಎದುರೆದುರಾಗಿ ನಿಂತ ಮುಖ್ಯ ಅಭ್ಯರ್ಥಿಗಳು ಆ ಇಬ್ಬರು ಹಿರಿಯರ ಮೊಮ್ಮಕ್ಕಳು. ಗೆದ್ದವರು ಪುಟ್ಟಸ್ವಾಮಿಗೌಡರ ಮೊಮ್ಮಗ. ಗೆಲುವನ್ನು ಮನೆಯಿಂದ ಮನೆಗೆ ಬದಲಾಯಿಸುವುದು ಜನರಿಗೆ ಸಾಧ್ಯವಾಯಿತು. ಅಭ್ಯರ್ಥಿಗಳ ಪಟ್ಟಿಯನ್ನು ಬರೆದವರು ಜನರಲ್ಲ. 2013ರಿಂದ ‘ಯಾರೂ ಅಲ್ಲ’ ಎಂದು ಗುಂಡಿ ಒತ್ತುವ ಅವಕಾಶವಿದೆಯಷ್ಟೆ. ಹಾಗೆ ಒತ್ತಿದವರು ಎಷ್ಟೇ ಮಂದಿಯಾದರೂ ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ಪಡೆದವನೇ ಗೆಲ್ಲುವನು.

1962ರ ಗೆಲುವು ಇದಕ್ಕೆ ವಿರುದ್ಧವಲ್ಲವೆ ಎಂದು ಕೇಳಬಹುದು. ಪಕ್ಷದ ಪಟ್ಟಿಯನ್ನು ಮೀರಿ ಜನರು ಆರಿಸಬಲ್ಲರೆಂಬುದಕ್ಕೆ ಅದು ಸಾಕ್ಷಿಯೇ ಸರಿ. ಆದರೆ ಅಂತಹುದು ವಿರಳವಾದ ಕಾರಣವೇ ಅದನ್ನು ಎತ್ತಿ ಹೇಳಬೇಕಾಗಿದೆ.

ಓಟಿಗೆ ಹೊಂದುವ ಹೆಸರು ‘ತೀರ್ಪು’. ನ್ಯಾಯಾಧೀಶನು ವಾದಿ ಪ್ರತಿವಾದಿಗಳನ್ನು ತಾನೇ ಕರೆತರಲಾರನು. ಬಂದವರ ವಿಷಯದಲ್ಲಿ ನಿರ್ಣಯ ಮಾತ್ರ ಅವನದು. ಈ ಭೇದವನ್ನು ಉಪಾಧ್ಯಾಯರು ತಿಳಿಯಹೇಳಿದಲ್ಲಿ, ಮುಂದಿನ ಮತದಾರನು ಪ್ರಭುವೆಂಬ ಹೊಗಳಿಕೆಗೆ ಮರುಳಾಗನು; ದಾನ ಮಾಡಿ ಕೈತೊಳೆದುಕೊಂಡೆನೆಂದು ಸುಮ್ಮನೆಯೂ ಇರನು.